ದುಡ್ಡು ಕೊಟ್ಟು ತಂದ ಗ್ರಹಣ

ವಿಶ್ವನ ಮಗ ಮಿಲಾನಿನಿಂದ ತಂದ ದೀಪ ಟೀಪಾಯಿ ಮೇಲೆ ಕೂತಿತ್ತು. ಕಿತ್ತಳೆ ಬಣ್ಣ, 18 ಸೆಂಟಿಮೀಟರ್ ಎತ್ತರ. ನಮ್ಮ ಕಾಫಿ ಲೋಟಗಳನ್ನು ನೆಲದ ಮೇಲೆ ಇಡಿಸಿದ್ದ ಪುಣ್ಯಾತ್ಮ.

“ಹೆಸರು ಎಕ್ಲಿಸ್ಸೆ. ಅಂದ್ರೆ ಗ್ರಹಣ” ಎಂದ ವಿಶ್ವ.

“ದುಡ್ಡು ಕೊಟ್ಟು ಗ್ರಹಣ ತಂದ್ಯಾ?” ರಾಜಣ್ಣ ಕೇಳಿದ. “ಪದ್ದಕ್ಕ, ಉಪ್ಪಿನಕಾಯಿ ಭರಣಿಗೆ ಮೊದಲು ದರ್ಭೆ ಹಾಕಿ.”

“ತಮಾಷೆ ಅಲ್ಲ ಕಣೋ. ಇಟಲಿಯ ವಿನ್ಯಾಸಕಾರ ವೀಕೋ ಮಜಿಸ್ತ್ರೆತ್ತಿ 1965ರಲ್ಲಿ ಮಾಡಿದ್ದು. ಮೆಟ್ರೋ ಟಿಕೆಟ್ ಹಿಂದೆ ಗೀಚಿದನಂತೆ. 1967ರಲ್ಲಿ ಕಾಂಪಾಸ್ಸೋ ದೋರೋ ಅನ್ನೋ ವಿನ್ಯಾಸದ ಪ್ರಶಸ್ತಿ ಬಂತು. ಈಗ ಆರ್ಟೆಮಿಡೆ ಕಂಪನಿಯವರು ಹೊಸ ಹೊಸ ಬಣ್ಣದಲ್ಲಿ ಬಿಡ್ತಿದ್ದಾರೆ. ಮಿಡ್‌-ಸೆಂಚುರಿ ಮಾಡರ್ನ್ ಅಂತಾರೆ ಈ ಶೈಲಿಗೆ!”

“ನಾನೂ ಮಿಡ್‌-ಸೆಂಚುರಿಯವನೇ. ನನ್ನನ್ನ ಯಾರೂ ಬಣ್ಣ ಹೊಡೆದು ಮತ್ತೆ ಬಿಡಲ್ವಲ್ಲ.”

“ತಲೆಗೆ ಹೊಡ್ಕೊಂಡಿದ್ದೀರಲ್ಲ, ಸಾಲದಾ?” ಪದ್ದಕ್ಕ ಒಳಗಿಂದಲೇ ಅಂದರು.

“ಇದರ ಕಲ್ಪನೆ ಹೊಳೆದದ್ದು ‘ಲೆ ಮಿಸೆರಾಬ್ಲ್’ ಕಾದಂಬರಿಯ ಜಾನ್ ವಾಲ್ಜಾನನ ಮುಚ್ಚುಲಾಂದ್ರದಿಂದ, ಬೆಳಕು ಮರೆಮಾಡೋ ಲಾಂದ್ರ ಅದು” ಎಂದ ವಿಶ್ವ.

“ಬ್ರೆಡ್ ಕದ್ದವನಲ್ವಾ? ಹಾಗಾದ್ರೆ ಬೆಲೆ ಕೇಳಲ್ಲ ಬಿಡು.”

ವಿಶ್ವ ಒಳಗಿನ ಬಟ್ಟಲನ್ನು ಬೆರಳಲ್ಲಿ ತಿರುಗಿಸಿದ. ಬಲ್ಬಿನ ಮುಂದೆ ನೆರಳು ನಿಧಾನ ಸರಿಯಿತು. ಬೆಳಕು ಅರ್ಧವಾಯಿತು, ಕಾಲಾಯಿತು, ಕೊನೆಗೆ ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ.

“ಸ್ನಾನಕ್ಕೆ ನೀರು ಕಾಯಿಸಲಾ?” ಎಂದ ಸೀತಾರಾಮು.

“ಹಳೇದಾದ್ರೆ ಗುಜರಿ, ಮತ್ತೆ ಬಿಟ್ರೆ ಕ್ಲಾಸಿಕ್!” ರಾಜಣ್ಣನಿಗೆ ಈಗ ನಿಜವಾಗಿಯೂ ಸಿಟ್ಟು ಬಂದಿತ್ತು. “ನಿಮ್ಮಜ್ಜಿ ಲಾಂದ್ರಾನ ನೀನೇ ಅಲ್ವೇನೋ ತೂಕಕ್ಕೆ ಹಾಕಿದ್ದು? ನಾನೂ ಹಾಕಿದೆ, ಅದು ಬೇರೆ ಮಾತು.”

ಸ್ವಲ್ಪ ಹೊತ್ತು ಸುಮ್ಮನಿದ್ದ.

“ನಮ್ಮಮ್ಮ ಈ ಗ್ರಹಣ ಆಗಲೇ ಮಾಡಿದ್ದಳು ಕಣೋ. ಪರೀಕ್ಷೆ ಬಂದ್ರೆ ಲಾಂದ್ರದ ಕಂಬಿಗೆ ಪೋಸ್ಟ್‌ಕಾರ್ಡು ಸಿಕ್ಕಿಸೋಳು. ನನ್ನ ಪುಸ್ತಕದ ಮೇಲೆ ಬೆಳಕು, ಮಲಗಿದ ತಂಗಿ ಮುಖದ ಮೇಲೆ ನೆರಳು. ಶಾಖಕ್ಕೆ ಕಾರ್ಡು ಕಂದಾಗೋದು. ಮಾವನ ಕಾಗದ. ‘ನಾವೆಲ್ಲ ಕ್ಷೇಮ’ ಅನ್ನೋ ಸಾಲು ಮಾತ್ರ ಗಾಜಿಗೆ ತಾಗದ ಹಾಗೆ ಮಡಿಸಿರೋಳು.”

ಸೀತಾರಾಮು ಎದ್ದು ಟ್ಯೂಬ್‌ಲೈಟ್ ಆರಿಸಿದ. ಯಾಕೆ ಅಂತ ಯಾರೂ ಕೇಳಲಿಲ್ಲ.

“ಒಂಚೂರು ಆ ಕಡೆ ತಿರುಗಿಸೋ” ಎಂದ ರಾಜಣ್ಣ.

ವಿಶ್ವ ತಿರುಗಿಸಿದ.

“ಗ್ರಹಣ ಬಿಡ್ತಾ?” ಪದ್ದಕ್ಕ ಕೂಗಿದರು. “ಬಿಟ್ಟಿದ್ರೆ ಎರಡನೇ ಕಾಫಿ ತರ್ತೀನಿ.”