ಅತ್ತೆಯ ಸೇವೆ ಗೊಣಗುತ್ತಾ ಮಾಡಿದರೆ ದೇವರ ಲೆಕ್ಕಕ್ಕೆ ಬರುತ್ತಾ?

ತೀರ್ಥಹಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಒಂದು ಹಳ್ಳಿ. ಕೊಂಕಣಿ ಕ್ಯಾಥೊಲಿಕರು. ಅತ್ತೆಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಊಟ, ಸ್ನಾನ, ಉಳಿದದ್ದು, ಎಲ್ಲವೂ ಮಂಚದ ಮೇಲೆಯೇ. ನೋಡಿಕೊಳ್ಳುವವಳು ನಾನೊಬ್ಬಳೇ. ನಾದಿನಿ ಶಿವಮೊಗ್ಗದಲ್ಲಿದ್ದಾರೆ. ಫೋನಿನಲ್ಲಿ ಚೆನ್ನಾಗಿ ಅಳುತ್ತಾರೆ.

ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅತ್ತೆಯ ಹಾಸಿಗೆ ಬಟ್ಟೆ ಹರವುತ್ತೇನೆ. ಒಣಗುತ್ತೆ, ಆದರೆ ಹೊಗೆ ವಾಸನೆ ಹಿಡಿಯುತ್ತೆ. ಅತ್ತೆಗೆ ಆ ವಾಸನೆ ಆಗಲ್ಲ. ಎಡಗೈಯಿಂದ ಎಳೆದು ಬಿಸಾಡುತ್ತಾರೆ. ಮಾತು ತೊದಲುತ್ತೆ, ಬೈಗುಳ ಮಾತ್ರ ಸ್ಪಷ್ಟ.

ಭಾನುವಾರ ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಕೈ ಹಿಡಿದುಕೊಂಡು ‘ನಿಂಗೆ ಸ್ವರ್ಗದಲ್ಲಿ ದೊಡ್ಡ ಬಹುಮಾನ ಕಾದಿದೆ’ ಅನ್ನುತ್ತಾರೆ. ನನಗೆ ಮೈ ಉರಿಯುತ್ತೆ. ಬಹುಮಾನಕ್ಕೋಸ್ಕರ ಮಾಡಿದರೆ ಅದು ವ್ಯಾಪಾರ ಅಲ್ವಾ? ಇನ್ನೊಂದು, ಸಂತೋಷದಿಂದ ಕೊಡುವವರೆಂದರೆ ದೇವರಿಗೆ ಪ್ರೀತಿ ಅಂತ ಬೈಬಲಿನಲ್ಲಿ ಸಂತ ಪೌಲರು ಬರೆದಿದ್ದಾರೆ. ನನಗೆ ಸಂತೋಷ ಗಿಂತೋಷ ಏನೂ ಇಲ್ಲ. ಗೊಣಗಿಕೊಂಡೇ ಮಾಡುತ್ತೇನೆ. ಇದು ಲೆಕ್ಕಕ್ಕೆ ಬರುತ್ತಾ? ಸುಮ್ನೆ ಸಮಾಧಾನ ಹೇಳಬೇಡಿ, ತಿಳಿದವರು ಹೇಳಿ.

ಶಿವಮೊಗ್ಗ ಯೂತ್:

ವಂದನೆ ಅಕ್ಕ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬಹುಮಾನವಾಗಿ ಸಿಗುವ ಕಿರೀಟಗಳ ಮಾತು ಸುಮಾರು ಕಡೆ ಇದೆ. ಶೋಧನೆ (ಕಷ್ಟದ ಪರೀಕ್ಷೆ) ಸಹಿಸಿಕೊಂಡವರಿಗೆ ಜೀವದ ಕಿರೀಟ (ಯಾಕೋಬ 1:12), ಓಟ ಮುಗಿಸಿದವರಿಗೆ ನೀತಿಯ ಕಿರೀಟ (2 ತಿಮೊಥೆ 4:8). ರಕ್ಷಣೆ ಬರೀ ಕೃಪೆಯಿಂದ, ಅದಕ್ಕೂ ನಮ್ಮ ಕೆಲಸಕ್ಕೂ ಸಂಬಂಧ ಇಲ್ಲ (ಎಫೆಸ 2:8-9). ಬಹುಮಾನ ಬೇರೆ. ಆದರೆ ಗೊಣಗಬೇಡಿ ಅಕ್ಕ. ಫಿಲಿಪ್ಪಿ 2:14 ನೋಡಿ, ಎಲ್ಲವನ್ನೂ ಗೊಣಗದೆ ಮಾಡಿ ಅಂತಿದೆ.

ಉಡುತಡಿ ಓದುಗ:

ನಾನು ಕ್ರೈಸ್ತನಲ್ಲ, ಶಿಕಾರಿಪುರ ಕಡೆಯವನು. ಕುತೂಹಲಕ್ಕೆ ಕೇಳುತ್ತಿದ್ದೇನೆ. ಗೀತೆಯಲ್ಲಿ ಫಲದ ಮೇಲೆ ಆಸೆ ಇಡಬೇಡ ಅಂತ ನೇರವಾಗಿದೆ. ನಮ್ಮ ಶರಣರ ಪ್ರಕಾರ ಕಾಯಕವೇ ಕೈಲಾಸ. ಬೇರೆ ಕೈಲಾಸ ಆಮೇಲೆ ಸಿಗುತ್ತೆ ಅಂತ ಕಾಯುವ ಹಾಗಿಲ್ಲ. ನಿಮ್ಮ ಯೇಸು ಬಹುಮಾನ ಇದೆ ಅಂತ ಬಾಯಿಬಿಟ್ಟು ಹೇಳುತ್ತಾರಾ?

ರಿಟೈರ್ಡ್ ಸಿಸ್ಟರ್, ಸಾಗರ:

ಮೊದಲೇ ಹೇಳಿಬಿಡುತ್ತೇನೆ, ನಾನು ಆಸ್ಪತ್ರೆ ಸಿಸ್ಟರ್, ಕಾನ್ವೆಂಟ್ ಸಿಸ್ಟರ್ ಅಲ್ಲ.

ಉಡುತಡಿಯವರೇ, ಹೌದು, ಬಾಯಿಬಿಟ್ಟೇ ಹೇಳುತ್ತಾರೆ. ಮತ್ತಾಯ 6ನೇ ಅಧ್ಯಾಯ ಓದಿ. ದಾನ, ಪ್ರಾರ್ಥನೆ, ಉಪವಾಸ, ಮೂರರಲ್ಲೂ ಅದೇ ಮಾತು: ಜನ ನೋಡಲಿ ಅಂತ ಮಾಡಿದವರಿಗೆ ಬರಬೇಕಾದ್ದು ಬಂದಾಯಿತು, ಗುಟ್ಟಾಗಿ ಮಾಡಿದವರಿಗೆ ತಂದೆ ಕೊಡುತ್ತಾನೆ. ಆಸೆ ಬಿಡಿ ಅನ್ನಲಿಲ್ಲ ನೋಡಿ. ಯಾರ ಕೈಯಿಂದ ಬಯಸುತ್ತೀರಿ ಅಂತ ಕೇಳಿದರು. ಗೀತೆಗೂ ಇದಕ್ಕೂ ಇಲ್ಲಿ ವ್ಯತ್ಯಾಸ ಇದೆ, ಎರಡೂ ಒಂದೇ ಅಂತ ತೇಪೆ ಹಾಕುವುದು ಬೇಡ.

ತಂಗಿ, ಈಗ ನಿನ್ನ ವ್ಯಾಪಾರದ ಪ್ರಶ್ನೆ. ಲೂಕ 15ರಲ್ಲಿ ಮನೆ ಬಿಟ್ಟು ಹೋಗಿ, ಆಸ್ತಿ ಹಾಳು ಮಾಡಿ ವಾಪಸ್ ಬಂದ ಕಿರಿಮಗನಿಗೆ ಅಪ್ಪ ಔತಣ ಮಾಡಿಸಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಯಾವಾಗಲೂ ಕಾಡುವುದು ಹಿರಿಮಗ. ಅಪ್ಪನ ಮಾತು ಒಂದು ದಿನವೂ ಮೀರಿದವನಲ್ಲ. ಹೊಲದಿಂದ ಬಂದವನು ಹೊರಗೇ ನಿಂತು ‘ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿ ಕೊಟ್ಟೆಯಾ’ ಅಂತ ಕೇಳುತ್ತಾನೆ. ಅಪ್ಪ ಹೇಳಿದ್ದು, ನನ್ನದೆಲ್ಲ ನಿನ್ನದೇ. ನಮ್ಮ ಕಡೆ ಅಡಿಕೆ ಸುಲಿಯಲು ಬಂದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಅದೇ ಅಂಗಳದಲ್ಲಿ ಮನೆಯ ಸೊಸೆಯೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾಳೆ. ಅವಳ ಡಬ್ಬ ಯಾರೂ ಎಣಿಸುವುದಿಲ್ಲ, ತೋಟವೇ ಅವಳದಲ್ವಾ. ಹಿರಿಮಗ ಮನೆಯಲ್ಲೇ ಇದ್ದುಕೊಂಡು ಡಬ್ಬ ಎಣಿಸುತ್ತಿದ್ದ. ಅವನಿಗೆ ಸಂತೋಷ ಇಲ್ಲದೆ ಹೋದದ್ದು ಅದಕ್ಕೇ. ನಮಗೆ ಸಿಗುವ ಬಹುಮಾನ ಅಪ್ಪನ ಮನೆಯೇ, ಅಪ್ಪನೇ. ಅದನ್ನು ಬಯಸಿದರೆ ವ್ಯಾಪಾರ ಆಗುವುದಿಲ್ಲ. ಕಿರೀಟ ಕಿರೀಟ ಅನ್ನುವ ನಮ್ಮ ಯೂತ್ ಹುಡುಗ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 4ನೇ ಅಧ್ಯಾಯವನ್ನೂ ನೋಡಲಿ. ಅಲ್ಲಿ ಇಪ್ಪತ್ನಾಲ್ಕು ಜನ ಹಿರಿಯರು ಕಿರೀಟ ತೆಗೆದು ಸಿಂಹಾಸನದ ಮುಂದೆ ಹಾಕಿಬಿಡುತ್ತಾರೆ.

ಹಾಗೇ ತಮ್ಮ, ಎಫೆಸ 2ರಲ್ಲಿ 9ಕ್ಕೇ ನಿಲ್ಲಿಸಬೇಡ, 10 ಓದು. ಒಳ್ಳೆಯ ಕೆಲಸಗಳನ್ನೂ ದೇವರೇ ಮೊದಲು ಸಿದ್ಧ ಮಾಡಿಟ್ಟಿದ್ದಾನೆ ಅಂತಿದೆ. ನಮ್ಮ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಟ್ರೆಂಟ್ ಮಹಾಸಭೆ 1547ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ: ತಾನೇ ಕೊಟ್ಟ ವರಗಳನ್ನು ದೇವರು ನಮ್ಮ ಪುಣ್ಯ ಅಂತ ಲೆಕ್ಕ ಹಾಕುತ್ತಾನೆ.

ಇನ್ನು ಗೊಣಗಾಟ. ಮತ್ತಾಯ 21ರಲ್ಲಿ ಇನ್ನೊಬ್ಬ ಅಪ್ಪ, ಇಬ್ಬರು ಮಕ್ಕಳು. ತೋಟಕ್ಕೆ ಹೋಗು ಅಂದರೆ ಒಬ್ಬ ‘ಹೋಗ್ತೀನಿ’ ಅಂದ, ಹೋಗಲಿಲ್ಲ. ಇನ್ನೊಬ್ಬ ‘ಹೋಗಲ್ಲ’ ಅಂದ, ಆಮೇಲೆ ಹೋದ. ಮಾತು ನಡೆಸಿದವನು ಹೋದವನೇ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ನಗುನಗುತ್ತಾ ಒಪ್ಪಲಿಲ್ಲ, ಈ ಕಷ್ಟದ ಪಾತ್ರೆ ನನ್ನಿಂದ ದೂರ ಮಾಡು ಅಂತಲೇ ತಂದೆಯನ್ನು ಕೇಳಿದ್ದು. ಇಬ್ರಿಯ 12:2ರ ಪ್ರಕಾರ ಅವರು ಶಿಲುಬೆ ಸಹಿಸಿದ್ದು ಮುಂದೆ ಇದ್ದ ಸಂತೋಷಕ್ಕಾಗಿ. ಮುಂದೆ ಇದ್ದದ್ದು, ಆ ರಾತ್ರಿ ಮನಸ್ಸಿನಲ್ಲಿ ಇದ್ದದ್ದಲ್ಲ. ಲಕ್ವದ ರೋಗಿಯ ಬಟ್ಟೆ ಬದಲಿಸುವಾಗ ಉಲ್ಲಾಸ ಬರಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ ಕಣಮ್ಮ.

ಚಿಕ್ಕ ತೆರೇಸಾ ಗೊತ್ತಲ್ವಾ, ಫ್ರಾನ್ಸಿನ ಲಿಸಿಯೂ ಊರಿನ ಮಠದ ಸಂತ ಸಿಸ್ಟರ್, 1897ರಲ್ಲಿ 24ನೇ ವಯಸ್ಸಿಗೇ ಟಿಬಿಯಿಂದ ತೀರಿಕೊಂಡವರು. ಅವರ ಮಠದಲ್ಲಿ ಕೈಕಾಲು ಸರಿಯಿಲ್ಲದ ಒಬ್ಬ ಮುದುಕಿ ಸಿಸ್ಟರ್ ಇದ್ದರು. ಸಂಜೆ ಅವರನ್ನು ಊಟದ ಮನೆಗೆ ನಡೆಸಿಕೊಂಡು ಹೋಗುವುದು ತೆರೇಸಾ ಕೆಲಸ. ಬೇಗ ನಡೆದರೆ ಬೀಳಿಸ್ತೀಯಾ ಅಂತ ಬೈಗುಳ, ನಿಧಾನ ಆದರೆ ಕೈ ಬಿಟ್ಟೆ ಅಂತ ಬೈಗುಳ. ಆ ಕೈಗೆ ರೊಟ್ಟಿ ಕತ್ತರಿಸಲು ಆಗುತ್ತಿಲ್ಲ ಅಂತ ತೆರೇಸಾ ಗಮನಿಸಿದರು. ಅವತ್ತಿನಿಂದ ಹೊರಡುವ ಮುಂಚೆ ಅದನ್ನೂ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ. ನನಗೆ ಅನ್ನಿಸುವುದು, ಸಂತೋಷ ಒಳಗೆ ಬರುವುದು ಈ ಹೇಳದ ಕೆಲಸದ ಸಂದಿಯಲ್ಲಿ. ಅದೇ ತೆರೇಸಾ 1895ರಲ್ಲಿ ಬರೆದ ಪ್ರಾರ್ಥನೆಯಲ್ಲಿ, ಬಾಳಿನ ಸಂಜೆ ಬರಿಗೈಯಲ್ಲಿ ನಿನ್ನ ಮುಂದೆ ಬರುತ್ತೇನೆ, ನನ್ನ ಕೆಲಸ ಎಣಿಸಬೇಡ ಅಂತ ಕೇಳಿಕೊಂಡಿದ್ದಾರೆ.

ಈಗ ನರ್ಸ್ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಸೊಂಟ, ಹಿಮ್ಮಡಿ ಕೆಂಪಾಗಿದೆಯಾ ನೋಡು. ಗಂಜಿ ಕೊಡುವಾಗ ದಿಂಬು ಕೊಟ್ಟು ಕೂರಿಸು, ಮಲಗಿಸಿಕೊಂಡು ಬೇಡ, ನೆತ್ತಿಗೆ ಹತ್ತುತ್ತೆ. ಫಾದರ್‌ಗೆ ಹೇಳಿ ಅತ್ತೆಗೆ ಮನೆಗೇ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತರಿಸು. ನಾದಿನಿಗೆ ಅಳುವುದು ಸಾಕು, ಬನ್ನಿ ಅನ್ನು. ಒಬ್ಬಳೇ ಸಾಯುವುದು ವಿಧೇಯತೆ ಅಲ್ಲ.

ತೀರ್ಥಹಳ್ಳಿ ಸೊಸೆ:

ಅಕ್ಕಾ, ತೋಟ ಸೊಸೆಯದು ಅಂದಿರಲ್ಲ, ಪಹಣಿಯಲ್ಲಿ ಅವಳ ಹೆಸರು ಎಲ್ಲಿದೆ ಹೇಳಿ ನೋಡೋಣ! ಮಲೆನಾಡಿನ ಯಾವ ಸೊಸೆಗೂ ಈ ಉದಾಹರಣೆ ಹೇಳಬೇಡಿ.

ಆದರೆ ‘ಹೋಗಲ್ಲ’ ಅಂದು ಹೋದ ಹುಡುಗ ನನಗೆ ಇಷ್ಟವಾದ. ಅವನು ದಾರಿಯುದ್ದಕ್ಕೂ ಗೊಣಗಿರುತ್ತಾನೆ ಅಂತ ನನ್ನ ಖಾತ್ರಿ.

ನಾದಿನಿಗೆ ಫೋನ್ ಮಾಡಿದೆ. ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಬಂದು ವಾರ ಇರುತ್ತೇನೆ ಅಂದಿದ್ದಾರೆ. ಬಟ್ಟೆ ಕೆಲಸ ಪೂರ್ತಿ ಅವರಿಗೇ. ಬಹುಮಾನ ನಾನೊಬ್ಬಳೇ ಯಾಕೆ ಹೊಡೆಯಲಿ. ಅತ್ತೆಯ ಹಿಮ್ಮಡಿ ನೋಡಿದೆ, ಎಡಗಡೆ ಸ್ವಲ್ಪ ಕೆಂಪಗಿದೆ. ಏರ್ ಬೆಡ್ ತರಬೇಕಾ?

ರಿಟೈರ್ಡ್ ಸಿಸ್ಟರ್, ಸಾಗರ:

ಪಹಣಿ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ತಾಯಿ. ಏರ್ ಬೆಡ್ ತಂದರೆ ಒಳ್ಳೆಯದೇ, ಸರ್ಜಿಕಲ್ ಅಂಗಡಿಯಲ್ಲಿ ಕೇಳು. ಅದು ಬಂದರೂ ಮಗ್ಗುಲು ಬದಲಿಸುವುದು ತಪ್ಪಲ್ಲ. ಅಲ್ಲಿಯವರೆಗೆ ಮೀನಖಂಡದ ಕೆಳಗೆ ಮೆತ್ತನೆಯ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡು. ಕೆಂಪಾದ ಜಾಗ ತಿಕ್ಕಬೇಡ. ಚರ್ಮ ಕಿತ್ತರೆ ಡಾಕ್ಟರಿಗೆ ತೋರಿಸು.