ಅಡಿಕೆ ಮಂಡಿಯ ಲೆಕ್ಕದ ಕೆಲಸ ಹೋಯಿತು. ಹಳೆಯ ಹೆಸರಿನ ಅನುಭವ ಪತ್ರ ಹಿಡಿದು ಹೊಸ ಕೆಲಸ ಕೇಳುವುದು ಹೇಗೆ?

ತುಂಗೆಯ_ದಡ (ಶಿವಮೊಗ್ಗ):

ನಾನು ಟ್ರಾನ್ಸ್ ಮಹಿಳೆ. ಊರು ತೀರ್ಥಹಳ್ಳಿ ಕಡೆ, ಇರುವುದು ವಿನೋಬನಗರದ ಬಾಡಿಗೆ ಕೋಣೆಯಲ್ಲಿ. ಬಿ.ಕಾಂ. ಮುಗಿದಾಗಿನಿಂದ ಒಂದೇ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತೂಕದ ಚೀಟಿ ಬಂದ ಕೂಡಲೇ ರೈತರ ಖಾತೆಗೆ ಜಮಾ, ಮುಂಗಡ ಕೊಟ್ಟಿದ್ದರೆ ಅದರ ವಜಾ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ವಿಧ ಒಂದೊಂದಕ್ಕೂ ಬೇರೆ ದಾಸ್ತಾನು, ಲೋಡ್ ಹೊರಡುವ ಮುನ್ನ ಇ-ವೇ ಬಿಲ್, ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಎಂಬ ತೆರಿಗೆ ಲೆಕ್ಕಪತ್ರಗಳು. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟಕ್ಕೆ ಎದ್ದು ಹೋಗಲೂ ಆಗುತ್ತಿರಲಿಲ್ಲ.

ಕೂದಲು ಬೆಳೆಸಿದಾಗ ಯಾರೂ ಏನೂ ಹೇಳಲಿಲ್ಲ. ಚೂಡಿದಾರ್ ತೊಟ್ಟು ಹೋಗತೊಡಗಿದ ವಾರವೇ ಯಜಮಾನರು ಒಳಗೆ ಕರೆದರು. “ನಿನ್ನ ಲೆಕ್ಕದ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ರೈತರು ಬರುವ ಜಾಗ, ಅವರು ಏನೆಂದುಕೊಳ್ಳುತ್ತಾರೆ?” ಎಂದರು. ರೈತರಿಗೆ ಬೇಕಿದ್ದದ್ದು ಅಂದಿನ ದರ ಮತ್ತು ತಮ್ಮ ಬಾಕಿ. ಹೊಸನಗರ ಕಡೆಯ ಹಿರಿಯರೊಬ್ಬರು ಮಾತ್ರ ಕನ್ನಡಕ ಹಣೆಗೇರಿಸಿ ಚೀಟಿಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಚೀಟಿಯನ್ನು ನೋಡಿ, “ತಂಗಿ, ಚೀಲದ ತೂಕ ಕಳೆದದ್ದು ಜಾಸ್ತಿಯಾಯಿತಲ್ಲವೇ?” ಎಂದಿದ್ದರು. ರೈತರ ಕಡೆಯಿಂದ ನನಗೆ ಬಂದ ಆಕ್ಷೇಪ ಅದೊಂದೇ!

ಜಿಲ್ಲಾಧಿಕಾರಿಗಳ ಗುರುತಿನ ಪ್ರಮಾಣಪತ್ರ ಕೈ ಸೇರಿದೆ, ಆಧಾರ್ ಬದಲಾಗಿದೆ. ಪದವಿ ಪತ್ರ ಮತ್ತು ಮಂಡಿಯವರು ಕೊಟ್ಟ ಅನುಭವ ಪತ್ರ ಹಳೆಯ ಹೆಸರಿನಲ್ಲಿವೆ. ಕೆಲಸ ಕೇಳಲು ಹೋದಲ್ಲಿ ಎರಡು ಹೆಸರು ಕಂಡ ಕೂಡಲೇ ಮಾತು ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ನನ್ನ ಮೈಗೆ ಹೊರಳುತ್ತದೆ. ಯಾಕೆ ಬಿಟ್ಟಿರಿ ಎಂದರೆ ಏನು ಹೇಳಲಿ? ಹಗಲೆಲ್ಲ ಕೋಣೆಯಲ್ಲೇ ಇದ್ದರೆ ಮನೆ ಮಾಲೀಕರಿಗೆ ಅನುಮಾನ, ಹೊರಗೆ ಹೋದರೆ ಖರ್ಚು. ಅಮ್ಮನಿಗೆ ಕೆಲಸ ಹೋದದ್ದು ಗೊತ್ತು, ಕಾರಣ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಬ್ಯೂಟಿ ಪಾರ್ಲರ್ ತೆರೆ, ಹೊಲಿಗೆ ಕಲಿ, ರೊಟ್ಟಿ ಮಾಡಿ ಮಾರು ಎನ್ನುವ ಸಲಹೆ ಬೇಡ. ಕಂಡವರೆಲ್ಲ ಅದನ್ನೇ ಹೇಳುತ್ತಾರೆ. ನನಗೆ ಸೂಜಿಗೆ ದಾರ ಪೋಣಿಸಲೂ ಬಾರದು.

ಸಾಗರದ_ಅಕ್ಕ:

ತಂಗಿ, ಮೊದಲು ಹಣದ ಮಾತು. ನೋಟಿಸ್ ಕೊಡದೆ ಕಳಿಸಿದವರು ಒಂದು ತಿಂಗಳ ಸಂಬಳವನ್ನಾದರೂ ಕೊಟ್ಟರೇ? ನಾಚಿಕೆಪಟ್ಟು ಬಿಟ್ಟು ಬಂದಿದ್ದರೆ ಹೋಗಿ ಕೇಳು. ನಮ್ಮವರು ಬಹಳ ಮಂದಿ ಅವಮಾನದ ಬಿಸಿಯಲ್ಲಿ ಎದ್ದು ಬರುತ್ತಾರೆ, ಬಾಕಿ ದುಡ್ಡು ಅಲ್ಲೇ ಉಳಿಯುತ್ತದೆ.

ನಾನು ಅಂಗಡಿಗಳ ಮುಂದೆ ಚಪ್ಪಾಳೆ ತಟ್ಟಿ ಬದುಕಿದವಳು. ಅದನ್ನು ಕೀಳು ಎನ್ನಲಾರೆ, ಆ ದುಡ್ಡಿನಲ್ಲೇ ತಮ್ಮನ ಓದು ಮುಗಿಯಿತು. ಆದರೆ ಬಾಡಿಗೆ ಕಟ್ಟಬೇಕಾದ ದಿನ ಹತ್ತಿರವಾದಾಗ “ಸ್ವಲ್ಪ ದಿನ ಮಾತ್ರ ಬಾ” ಎಂದು ಕರೆಯುವವರು ಇರುತ್ತಾರೆ. ಆ ಸ್ವಲ್ಪ ದಿನ ನನಗೆ ಬಹಳ ವರ್ಷವಾಯಿತು. ಆದ್ದರಿಂದ ಮನೆ ಮಾಲೀಕರಿಗೆ ನೀನೇ ಹೇಳು, ಕೆಲಸ ಬದಲಾಗುತ್ತಿದೆ, ಬಾಡಿಗೆ ಹತ್ತು ದಿನ ತಡವಾಗುತ್ತದೆ ಎಂದು. ಅಷ್ಟೇ ಹೇಳು, ಜಾತಕ ಬಿಚ್ಚಬೇಡ.

ನಮ್ಮಂಥವರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಪಿಂಚಣಿಗೆ ಅರ್ಜಿ ಹಾಕಿಡು. ಅದರಲ್ಲಿ ಬಾಡಿಗೆ ಹುಟ್ಟುವುದಿಲ್ಲ, ಆದರೂ ಬಿಡಬೇಡ. ಶಕ್ತಿ ಯೋಜನೆಯಲ್ಲಿ ನಮಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಆದರೆ ನಮ್ಮ ಮಲೆನಾಡಿನ ಅರ್ಧ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳೇ, ಅಲ್ಲಿ ಕಂಡಕ್ಟರಿಗೆ ಯಾವ ಶಕ್ತಿಯೂ ಕಾಣುವುದಿಲ್ಲ.

ಕಪ್ಪುಕೋಟು:

ಅಕ್ಕ ಹೇಳಿದ ಒಂದು ತಿಂಗಳ ಸಂಬಳಕ್ಕೆ ಕಾನೂನಿನ ಆಧಾರವಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ, ಸತತ ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ಮುಂಚಿನ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಂಬಳ ಜಮಾ ಆದ ಬ್ಯಾಂಕ್ ಪಟ್ಟಿ, ವಾಟ್ಸ್‌ಆಪ್ ಸಂದೇಶಗಳನ್ನು ಅಳಿಸಬೇಡಿ. ವಕೀಲರ ಶುಲ್ಕದ ಚಿಂತೆಯಿದ್ದರೆ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 9ನೇ ಕಲಮು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ, ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ. ಆದರೆ ಸುಮ್ಮನೆ ಆಸೆ ಹುಟ್ಟಿಸಲಾರೆ: ಅದೇ ಕಾಯ್ದೆಯ ಶಿಕ್ಷೆಯ ಕಲಮಿನಲ್ಲಿ ಕೆಲಸದಿಂದ ತೆಗೆದದ್ದಕ್ಕೆ ನೇರ ಶಿಕ್ಷೆ ಇಲ್ಲ. ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ತಪ್ಪಿದ ಟ್ರಾನ್ಸ್ ಶಿಕ್ಷಕಿಯೊಬ್ಬರಿಗೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು, ಅಂದರೆ ಅಲ್ಲಿಯವರೆಗೆ ಹೋಗಬೇಕಾಯಿತು.

ಇನ್ನೊಂದು ದಾರಿ, ನಿಧಾನದ್ದು. 2021ರಿಂದ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ 1ರಷ್ಟು ಸಮತಲ ಮೀಸಲಾತಿ ಇದೆ, ಅಂದರೆ ಸಾಮಾನ್ಯವೂ ಸೇರಿ ಪ್ರತಿ ವರ್ಗದೊಳಗೂ ಅಷ್ಟು ಪಾಲು. ಬಿ.ಕಾಂ. ಇದೆಯಲ್ಲ, ಪ್ರಥಮ ದರ್ಜೆ ಸಹಾಯಕರ ಅಧಿಸೂಚನೆ ಹೊರಟಾಗ ಬಿಡಬೇಡಿ.

ಬಿ.ಎಚ್.ರಸ್ತೆಯ_ಲೆಕ್ಕಿಗ:

ತೆರಿಗೆ ಸಲಹೆಗಾರರ ಸಣ್ಣ ಕಚೇರಿ ನಡೆಸುತ್ತೇನೆ, ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವವನು. ಎರಡು ಹೆಸರು ನನ್ನಂಥವರಿಗೆ ತೊಡಕಾಗುವುದು ಅದು ತಡವಾಗಿ ಗೊತ್ತಾದಾಗ. ಬಯೋಡೇಟಾದ ಮೇಲ್ಭಾಗದಲ್ಲಿ ಈಗಿನ ಹೆಸರು ಮಾತ್ರ ಇರಲಿ. ಕೊನೆಯಲ್ಲಿ ಒಂದೇ ಸಾಲು: “ಪದವಿ ಮತ್ತು ಅನುಭವ ಪತ್ರಗಳು ಹಿಂದಿನ ಹೆಸರಿನಲ್ಲಿವೆ, ಜಿಲ್ಲಾಧಿಕಾರಿಗಳ ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ.” ವಿವರಣೆ, ಕ್ಷಮೆ ಎರಡೂ ಬೇಡ. ಪದವಿ ಪತ್ರದ ತಿದ್ದುಪಡಿಗೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ. ಟ್ರಾನ್ಸ್‌ಜೆಂಡರ್ ಕಾಯ್ದೆಯಡಿಯ 2020ರ ನಿಯಮಗಳಲ್ಲಿ, ಹೆಸರು ಬದಲಿಸಬಹುದಾದ ದಾಖಲೆಗಳ ಪಟ್ಟಿಯಲ್ಲಿ ಅದೂ ಇದೆ.

ಯಾಕೆ ಬಿಟ್ಟಿರಿ ಎಂದರೆ “ಕೆಲಸದ ಬಗ್ಗೆ ದೂರಿರಲಿಲ್ಲ, ನನ್ನ ಉಡುಪಿನ ಬಗ್ಗೆ ಇತ್ತು” ಎಂದುಬಿಡಿ. ಅದನ್ನು ಕೇಳಿ ಮುಖ ಹುಳಿ ಮಾಡುವವನು ಮೂರು ತಿಂಗಳ ನಂತರವೂ ಅದನ್ನೇ ಮಾಡುವವನು.

ಮಂಡಿಗಳ ಬಾಗಿಲನ್ನೇ ತಟ್ಟುತ್ತಾ ಕೂರಬೇಡಿ. ಜುಲೈನಿಂದ ಸೆಪ್ಟೆಂಬರ್ ತನಕ ನಮ್ಮಂಥ ಕಚೇರಿಗಳಲ್ಲಿ ಕೈ ಸಾಲುವುದಿಲ್ಲ. ರೈತರ ಖಾತೆ, ಮುಂಗಡ, ದಾಸ್ತಾನು ಮೂರನ್ನೂ ತಾಳೆ ಹಾಕಬಲ್ಲವರು ಶಿವಮೊಗ್ಗದಲ್ಲೇ ಕಡಿಮೆ. ಟ್ಯಾಲಿ ಕಲಿತವರು ಬೀದಿಗೊಬ್ಬರು, ಅಡಿಕೆಯ ಲೆಕ್ಕ ಗೊತ್ತಿದ್ದವರು ಎಲ್ಲಿ?

ಮಳೆಕಾಡು:

ಮನೆಯಲ್ಲೇ ಕುಳಿತು ಲೆಕ್ಕ ಮಾಡಿಕೊಡುವ ಕೆಲಸ ಹಿಡಿಯಬಹುದಲ್ಲ? ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಇರಬಹುದು.

ತುಂಗೆಯ_ದಡ (ಶಿವಮೊಗ್ಗ):

ಮಳೆಕಾಡು ಅವರೇ, ಮನೆಯಿಂದ ಮಾಡುವ ಕೆಲಸ ಸಿಕ್ಕರೆ ಬೇಡ ಎನ್ನುವುದಿಲ್ಲ. ಕಣ್ಣಿಗೆ ಬೀಳದಿರುವ ಷರತ್ತು ಮಾತ್ರ ಬೇಡ, ಅದನ್ನು ಸಾಕಷ್ಟು ವರ್ಷ ಪಾಲಿಸಿ ಆಗಿದೆ.

ಅಕ್ಕ, ಮಾಲೀಕರಿಗೆ ಹೇಳಿದೆ. “ಹತ್ತು ದಿನ ಅಂದರೆ ಹತ್ತೇ ದಿನ” ಎಂದರು, ಆಮೇಲೆ ಅವರ ಮಗನ ಅಂಗಡಿಯ ಜಿಎಸ್‌ಟಿ ನೋಟಿಸ್ ತಂದು ತೋರಿಸಿದರು. ನೋಡಿಕೊಟ್ಟೆ. ಬಾಡಿಗೆಯಲ್ಲಿ ವಜಾ ಮಾಡುತ್ತಾರೋ ಇಲ್ಲವೋ ತಿಳಿಯದು, ಬಾಯಿಬಿಟ್ಟು ಕೇಳುವುದಂತೂ ನಿಜ. ತಿಂಗಳ ಸಂಬಳಕ್ಕೆ ಮೊದಲು ಯಜಮಾನರಿಗೇ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಹಾಕುತ್ತೇನೆ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆ.

ಬಿ.ಎಚ್. ರಸ್ತೆಯವರೇ, ನೀವು ಹೇಳಿದ ಸಾಲನ್ನು ಹಾಗೆಯೇ ಸೇರಿಸಿ ಬಯೋಡೇಟಾವನ್ನು ನಿಮಗೇ ಮೊದಲು ಕಳಿಸಿದ್ದೇನೆ. ಅಡಿಕೆಯ ಲೆಕ್ಕ ಗೊತ್ತಿದ್ದವರು ಎಲ್ಲಿ ಎಂದು ಕೇಳಿದಿರಲ್ಲ. ನಿರೀಕ್ಷಿತ ಸಂಬಳದ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ನೀವೇ ಮೊದಲು ಹೇಳಿ.