45 ದಿನದಾಗ ಡಿಬಿಎ (ಡೇಟಾಬೇಸ್ ಸಂಭಾಳಿಸೋ ಕೆಲಸ)? ಗ್ರೂಪಿನ್ಯಾಗ ಸಿಲಬಸ್ ಚರ್ಚೆ

ಶರಣಪ್ಪ: (ಫೋಟೊ: ಲಿನಕ್ಸ್, ಡೇಟಾಬೇಸ್, ಸ್ಟೋರೇಜ್, 45 ದಿನ) ನಮ್ಮ ಅಣ್ಣನ ಮಗ ಸೇರ್ತೀನಿ ಅಂತಾನ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಕ್ಲಾಸ್. ನೋಡಿ ಹೇಳ್ರಿ.

ರೇಣುಕಾ: ನಾಕನೇ ಸಾಲಿನ್ಯಾಗ ಸೆಂಟ್‌ಓಎಸ್ 7 ಅನ್ನೋ ಹಳೇ ಲಿನಕ್ಸ್ ಅದ. ಅದರ ಅಪ್‌ಡೇಟ್ 2024ರ ಜೂನ್ 30ಕ್ಕೇ ನಿಂತಾವ. ಅಂಥದೇ ರಾಕಿ ಇಲ್ಲಾ ಅಲ್ಮಾ 9 ಲಿನಕ್ಸ್ ಮ್ಯಾಲ ಕಲಿಸಬೇಕು.

ವೀರೇಶ: ಅಕ್ಕಾ, ಕಮಾಂಡ್ ಬಹುತೇಕ ಅವೇ, ಅದು ನಡೀತದ. ನನ್ನ ತಕರಾರು "ರೇಡ್ ಮತ್ತು ಬ್ಯಾಕಪ್: 1 ದಿನ" ಅನ್ನೋದಕ್ಕ. ರೇಡ್ ಅಂದ್ರ ಒಂದು ಡಿಸ್ಕ್ ಸತ್ರೂ ನಡೀಲಿ ಅಂತ ಹಲವು ಡಿಸ್ಕ್ ಜೋಡ್ಸೋದು, ಬ್ಯಾಕಪ್ ಅಂದ್ರ ಬ್ಯಾರೆ ಕಾಪಿ. ಎರಡನ್ನೂ ಒಂದೇ ಗೂಟಕ್ಕ ಕಟ್ಟ್ಯಾರ.

ರೇಣುಕಾ: ಹೊಸಬರಿಗೆ ಮೊದಲು ಲಿನಕ್ಸ್ ಗಟ್ಟಿ ಆಗ್ಲಿ, ವೀರೇಶಾ. ಎಫ್‌ಎಸ್‌ಟ್ಯಾಬ್‌ನ್ಯಾಗ (ಬೂಟಿನಾಗ ಯಾವ ಡಿಸ್ಕ್ ಜೋಡ್ಸಬೇಕು ಅನ್ನೋ ಫೈಲ್) ಯುಯುಐಡಿ (ಡಿಸ್ಕಿನ ಗುರುತು) ಒಂದಕ್ಷರ ತಪ್ಪಿದ್ರ ಮಶಿನ್ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂಡ್ತದ. ರೀಬೂಟಿಗೆ ಮೊದಲು "ಮೌಂಟ್ -ಎ" ಓಡಿಸಿ ನೋಡಬೇಕು. ಎಕ್ಸ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಹಿಗ್ಗತದ, ಕುಗ್ಗಂಗಿಲ್ಲ. ಅದು ತಿಳೀದ ಅದರ ಕೆಳಗಿನ ಎಲ್‌ವಿ (ಡಿಸ್ಕಿನ ಭಾಗ) ಸಣ್ಣದು ಮಾಡಿದ್ರ ಫೈಲ್‌ಸಿಸ್ಟಮ್ ಹೋತು.

ವೀರೇಶ: ಅದೂ ಬೇಕೇ ಬೇಕು. ಆದ್ರ 2 ಜಿಬಿದು 4 ಡಿಸ್ಕ್ ರೇಡ್ 5ಕ್ಕ ಹಾಕಿ 6 ಜಿಬಿ ಸಿಕ್ತು, ಒಂದು ಡಿಸ್ಕ್ ಸತ್ರೂ ನಡೀತು ಅಂದ್ರ ಹುಡುಗರು "ಡೇಟಾ ಸೇಫ್" ಅಂತ ತಿಳ್ಕೋತಾರ. ಅದ್ರ ಮ್ಯಾಲೇ ಡ್ರಾಪ್ ಟೇಬಲ್ (ಟೇಬಲ್ ಅಳಿಸೋ ಕಮಾಂಡ್) ಹೊಡಸ್ರಿ, ನಾಕೂ ಡಿಸ್ಕಿನಿಂದ ಒಮ್ಮೆಲೇ ಹೋಗ್ತದ. ರೀಸ್ಟೋರಿಗೇ (ಬ್ಯಾಕಪ್ಪಿನಿಂದ ಡೇಟಾ ತಿರುಗಿ ತರೋದಕ್ಕ) ಕಮ್ಮಿ ಅಂದ್ರ 8 ದಿನ ಬೇಕು.

ಶರಣಪ್ಪ: 8 ದಿನ ಏನ್ ಮಾಡಸ್ತಾರಪಾ? ಪಿಜಿ ಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕಾಪಿ ತಗಿಯೋದು) ಒಂದು ಕಮಾಂಡ್.

ವೀರೇಶ: ಅಣ್ಣಾ, ಡಂಪ್ ರಾತ್ರಿ 2ಕ್ಕ ತಗದೀರಿ, ಟೇಬಲ್ ಮುಂಜಾನಿ 11:20ಕ್ಕ ಹೋತು. ನಡುವಿನ 9 ತಾಸಿನ ಎಂಟ್ರಿ ಎಲ್ಲಿಂದ ತರ್ತೀರಿ? ಪಿಜಿ ಬೇಸ್‌ಬ್ಯಾಕಪ್ (ಇಡೀ ಡೇಟಾಬೇಸಿನ ಕಾಪಿ) ಬೇಕು, ಜೋಡಿಗೆ ವಾಲ್ ಆರ್ಕೈವ್ (ಆಮ್ಯಾಲ ಆದ ಬದಲಾವಣೆಗಳ ಲಾಗ್) ಬೇಕು. ಬೇಸ್‌ಬ್ಯಾಕಪ್ ಬ್ಯಾರೆ ಡೈರೆಕ್ಟರಿಗೆ ಬಿಚ್ಚಬೇಕು, ಹಳೇದು ಮುಟ್ಟಬಾರ್ದು. ಆರ್ಕೈವಿನಿಂದ ವಾಲ್ ತರೋ ರೀಸ್ಟೋರ್ ಕಮಾಂಡ್ ಬರೀಬೇಕು. ರಿಕವರಿ ಟಾರ್ಗೆಟ್ ಟೈಮ್ 11:19, ಟೈಮ್‌ಝೋನ್ ಸಮೇತ. ಆಮ್ಯಾಲ ರಿಕವರಿ.ಸಿಗ್ನಲ್ ಅನ್ನೋ ಖಾಲಿ ಫೈಲ್ ಇಟ್ಟು ಸ್ಟಾರ್ಟ್. ಆ ಫೈಲ್ ಮರ್ತರ ಟಾರ್ಗೆಟ್ ಟೈಮ್ ಅದು ನೋಡಂಗೇ ಇಲ್ಲ. ಎಲ್ಲಾ ಬರೋಬರಿ ಇದ್ರೂ 11:19ಕ್ಕ ಬಂದು ಪಾಜ್ ಆಗ್ತದ, ಓದ್ಲಿಕ್ಕೆ ಬರ್ತದ, ಬರೀಲಿಕ್ಕೆ ಬರಂಗಿಲ್ಲ. ಹ್ಯಾಂಗ್ ಆಗ್ಯದ ಅಂತ ಅಲ್ಲೇ ಕಿಲ್ ಮಾಡಿಬಿಡ್ತಾರ! ಟೇಬಲ್ ಬಂದದೋ ಇಲ್ಲೋ ನೋಡಿ ರಿಸ್ಯೂಮ್ ಕೊಡಬೇಕು.

ರೇಣುಕಾ: ಇದು ಒಪ್ಪಿದೆ. ಒರಾಕಲ್ ಡೇಟಾಬೇಸಿನ್ಯಾಗೂ ಆರ್ಕೈವ್‌ಲಾಗ್ ಮೋಡ್ (ಲಾಗ್ ಕೂಡಿಡೋದು) ಇಲ್ಲಂದ್ರ ಆರ್‌ಮ್ಯಾನ್ (ಒರಾಕಲ್‌ನ ಬ್ಯಾಕಪ್ ಟೂಲ್) ಹಿಂದಿನ ಕೋಲ್ಡ್ ಬ್ಯಾಕಪ್ (ಡೇಟಾಬೇಸ್ ಬಂದ್ ಮಾಡಿ ತಗದದ್ದು) ತನಕ ಅಷ್ಟೇ ಒಯ್ತದ. ಆನ್ ಮಾಡಿ ಮರ್ತರ ಎಫ್‌ಆರ್‌ಎ (ಲಾಗ್ ಇಡೋ ಜಾಗ) ತುಂಬಿ ಓಆರ್‌ಎ-00257 ಎರರ್ ಬರ್ತದ. ಆಗ "ಆರ್‌ಎಂ" ಹೊಡದು ಲಾಗ್ ಅಳಿಸಿದ್ರ ಡಿಸ್ಕ್ ಖಾಲಿ ಕಾಣ್ತದ, ಡೇಟಾಬೇಸ್ ಲೆಕ್ಕದಾಗ ತುಂಬೇ ಇರ್ತದ. ಬ್ಯಾಕಪ್ ತಗೊಂಡು ಆರ್‌ಮ್ಯಾನ್‌ನಿಂದಲೇ ಅಳಿಸಬೇಕು. ಮೊದಲೇ ಕೈಲೆ ಅಳಿಸಿದ್ರ ಕ್ರಾಸ್‌ಚೆಕ್ (ಇಲ್ಲದ ಫೈಲ್ ಗುರುತಿಸೋದು), ಆಮ್ಯಾಲ ಡಿಲೀಟ್ ಎಕ್ಸ್‌ಪೈರ್ಡ್ (ಅವನ್ನ ಲೆಕ್ಕದಿಂದ ತಗಿಯೋದು).

ಸಾದಿಕ್: ಯಾದಗಿರಿ ಕಡೆ ಬ್ಯಾಸಗ್ಯಾಗ ಕರೆಂಟ್ ಹೋಗೋದೂ ಪಾಠದಾಗ ಬರ್ಲಿ. ಇನ್ಸರ್ಟ್ (ಹೊಸ ಎಂಟ್ರಿ ಹಾಕೋದು) ನಡೆದಾಗ ವಿಎಂ (ಕಂಪ್ಯೂಟರಿನೊಳಗ ಓಡೋ ವರ್ಚುವಲ್ ಕಂಪ್ಯೂಟರ್) ಪವರ್ ಆಫ್ ಮಾಡಸ್ರಿ. ಕಮಿಟ್ (ಪಕ್ಕಾ) ಆದದ್ದು ಉಳೀಬೇಕು. ಸ್ಪೀಡ್ ಆಗ್ಲಿ ಅಂತ ಎಫ್‌ಸಿಂಕ್ (ಡಿಸ್ಕಿಗೆ ಖಾತ್ರಿಯಾಗಿ ಬರೆಸೋ ಸೆಟ್ಟಿಂಗ್) ಆಫ್ ಇಟ್ಟಿದ್ರ ಉಳೀತದ ಅನ್ನೋ ಖಾತ್ರಿ ಇಲ್ಲ, ಡೇಟಾಬೇಸೇ ಕೆಡಬಹುದು.

ಶರಣಪ್ಪ: ನಾಳೆ ಹೋಗಿ ಏನ್ ಕೇಳ್ಲಿ ಹಂಗಾದ್ರ?

ವೀರೇಶ: ರೀಸ್ಟೋರ್ ಹುಡುಗನ ಕೈಲೆ ಎಷ್ಟು ಸಲ ಮಾಡಸ್ತೀರಿ, ಒಬ್ಬೊಬ್ಬರಿಗೂ ಬ್ಯಾರೆ ವಿಎಂ ಅದನೋ ಅಂತ ಕೇಳ್ರಿ. ಪ್ರೊಜೆಕ್ಟರ್ ಮ್ಯಾಲ ತೋರಸ್ತೀವಿ ಅಂದ್ರ ಫೀ ಕಟ್ಟಬ್ಯಾಡ್ರಿ.

ರೇಣುಕಾ: ಲಿನಕ್ಸಿಗೆ 15 ದಿನ ಕೊಡ್ತಾರೇನು ಅದೂ ಕೇಳ್ರಿ, ಅದು ನಾ ಬಿಡಂಗಿಲ್ಲ. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮಿಂದಿದ್ರ ಒರಾಕಲ್ ವಿಎಂಗೆ 4 ಕೊಟ್ಟು ಅದೊಂದೇ ಓಡಸ್ಲಿ, ಜೋಡಿ ಇನ್ನೊಂದು ಎಬ್ಬಿಸಿದ್ರ ಸ್ವಾಪಿಗೆ (ರ‍್ಯಾಮ್ ಸಾಲದ ಡಿಸ್ಕಿಗೆ) ಬಿದ್ದು ತೆವಳ್ತದ.